ಹುಚ್ಚು ಹಸು ರೋಗ ಮನುಷ್ಯರಿಗೆ ದಾಟಿದ್ದು ಹೇಗೆ? ಆಗ ಬ್ರಿಟನ್ನಿನಲ್ಲಿ ಬೆಳೆದವರು ಈಗಲೂ ಹೆದರಬೇಕಾ?

ಎಡಿಸನ್_ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದರು. ನಾನೂ ನನ್ನ ತಮ್ಮನೂ ಎಂಬತ್ತರ ದಶಕದ ಕೊನೆಯಿಂದ ತೊಂಬತ್ತರ ದಶಕದ ಮಧ್ಯದವರೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದಿದ್ದು. ಮನೆಯಲ್ಲಿ ಅನ್ನ, ಹುಳಿ, ಪಲ್ಯ. ಶಾಲೆಯ ಊಟದಲ್ಲಿ ಮಾತ್ರ ಬರ್ಗರ್, ಸಾಸೇಜ್, ಕೀಮಾ ತುಂಬಿದ ಪೈ. ನಾನು ಮುಟ್ಟುತ್ತಿರಲಿಲ್ಲ, ತಮ್ಮ ತಿಂದೇ ದೊಡ್ಡವನಾದ. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ.

ಆಮೇಲೆ ಅಮೆರಿಕಕ್ಕೆ ಬಂದೆವು. ಇಲ್ಲಿ ರಕ್ತ ಕೊಡಲು ಹೋದರೆ, ಹುಚ್ಚು ಹಸು ರೋಗದ ಭಯಕ್ಕೆ, ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತಿತ್ತು: 1980ರಿಂದ 1996ರ ನಡುವೆ ಒಟ್ಟು 3 ತಿಂಗಳೋ ಅದಕ್ಕಿಂತ ಜಾಸ್ತಿಯೋ ಬ್ರಿಟನ್ನಿನಲ್ಲಿ ಇದ್ದಿರಾ? ಹೌದು ಅಂತ ಟಿಕ್ ಹಾಕಿದರೆ ಮುಗೀತು, ಒಂದು ಬಿಸ್ಕತ್ ಕೊಟ್ಟು ಕಳಿಸುತ್ತಿದ್ದರು. ಮಾಂಸ ತಿಂದಿದ್ದೀರಾ ಅಂತ ಕೂಡ ಕೇಳುತ್ತಿರಲಿಲ್ಲ! ಈಗ ಆ ನಿಯಮ ತೆಗೆದಿದ್ದಾರೆ. ಅದೇ ನನ್ನ ತಲೆ ತಿಂತಿರೋದು. ಅಪಾಯ ಇದ್ದರೆ ಯಾಕೆ ತೆಗೆದರು, ಇಲ್ಲದಿದ್ದರೆ ಇಷ್ಟು ವರ್ಷ ಯಾಕೆ ಇಟ್ಟಿದ್ದರು?

ಇಷ್ಟಕ್ಕೂ ದನಕ್ಕೆ ಬಂದದ್ದು ಮನುಷ್ಯರಿಗೆ ಹೇಗೆ ಬಂತು? ಹಾಲು, ತುಪ್ಪದಿಂದಲೂ ಬರುತ್ತಾ? ನಮ್ಮೆಜಮಾನರು ಇದೆಲ್ಲ ಪೇಪರಿನವರು ಎಬ್ಬಿಸಿದ ಗುಲ್ಲು ಅಂತಾರೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ದನದ_ಡಾಕ್ಟ್ರು:

ಅಕ್ಕ, ಮೊದಲು ಸುಲಭದ್ದು ಹೇಳಿಬಿಡ್ತೀನಿ. ಹಾಲು, ಬೆಣ್ಣೆ, ತುಪ್ಪದಿಂದ ಈ ರೋಗ ಮನುಷ್ಯರಿಗೆ ಬಂದ ಒಂದೂ ಉದಾಹರಣೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಹಾಲು ಸುರಕ್ಷಿತ ಅಂತಲೇ ಹೇಳಿದೆ. ಆ ಯೋಚನೆ ಬಿಡಿ.

ಈಗ ಕಷ್ಟದ್ದು. 1984ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಒಂದು ಡೇರಿ ಫಾರ್ಮು, ಅಲ್ಲಿನ 133ನೇ ನಂಬರಿನ ಹಸು ಬೆನ್ನು ಬಾಗಿಸಿಕೊಂಡು ನಿಂತಿತ್ತು. ಮೈ ಇಳಿದಿತ್ತು. ಆಮೇಲೆ ತಲೆ ನಡುಗೋಕೆ ಶುರುವಾಯಿತು, ಹೆಜ್ಜೆ ತಪ್ಪಿತು, ಫೆಬ್ರವರಿಯಲ್ಲಿ ಸತ್ತಿತು. ಅಂಥವೇ ಇನ್ನಷ್ಟು ಹಸುಗಳು ಬಂದವು. ಹಾಲು ಕರೆಯಲು ಹೋದರೆ ಒದೆಯುತ್ತವೆ, ಬಾಗಿಲ ಸದ್ದಿಗೆ ಬೆಚ್ಚುತ್ತವೆ, ಹಿಂಗಾಲು ನಿಲ್ಲೋದಿಲ್ಲ. ವೇಬ್ರಿಡ್ಜ್‌ನ ಸರ್ಕಾರಿ ಪಶು ಪ್ರಯೋಗಾಲಯದವರು ಮಿದುಳನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ತೂತು, ತೂತು, ಸಣ್ಣ ಸಣ್ಣ ತೂತು. ಹೊಸ ರೋಗ ಅಂತ ಅವರು ಗುರುತಿಸಿದ್ದು 1986ರ ನವೆಂಬರಿನಲ್ಲಿ. ಬಿಎಸ್‌ಇ ಅಂತ ಹೆಸರಾಯಿತು, ಪೇಪರಿನವರಿಗೆ ಹುಚ್ಚು ಹಸು ರೋಗ.

ಎಲ್ಲಿಂದ ಬಂತು ಅಂತ ಹುಡುಕಿದವರು ಜಾನ್ ವೈಲ್ಸ್‌ಮಿತ್ ಅನ್ನೋ ಪಶುವೈದ್ಯರು. ರೋಗ ಬಂದ ಹಸುಗಳಿಗೆಲ್ಲ ಪೂರ್ತಿ ಹೊಂದುತ್ತಿದ್ದದ್ದು ಒಂದೇ, ಚೀಲದ ಮೇವು. ಅದರಲ್ಲಿ ಮಾಂಸ ಮತ್ತು ಮೂಳೆಯ ಪುಡಿ ಇರುತ್ತಿತ್ತು. ಕಸಾಯಿಖಾನೆಯಲ್ಲಿ ಉಳಿದ ತಲೆ, ಮೂಳೆ, ಕರುಳು, ಎಲ್ಲೋ ಸತ್ತುಬಿದ್ದ ದನ, ಎಲ್ಲವನ್ನೂ ಬೇಯಿಸಿ ಕೊಬ್ಬು ತೆಗೆದು ಉಳಿದದ್ದನ್ನು ಒಣಗಿಸಿ ಪುಡಿ ಮಾಡಿ ಕರುಗಳಿಗೂ ಹಾಕಿದರು. ಪ್ರೋಟೀನ್ ಸಿಗುತ್ತೆ, ಅಗ್ಗ. ಹುಲ್ಲು ತಿನ್ನೋ ಪ್ರಾಣಿಗೆ ಅದರ ಜಾತಿಯದ್ದನ್ನೇ ತಿನ್ನಿಸಿದ್ದು. ಒಂದು ರೋಗದ ದನ ಪುಡಿಯಾಯಿತು, ಅದನ್ನು ತಿಂದ ಕರುಗಳು ನಾಲ್ಕೈದು ವರ್ಷಕ್ಕೆ ರೋಗ ತೋರಿಸಿದವು, ಅವುಗಳಲ್ಲಿ ಎಷ್ಟೋ ರೋಗ ಕಾಣೋ ಮೊದಲೇ ಕಡಿದು ಹೋಗಿ ಮತ್ತೆ ಪುಡಿಯಾದವು. ಹೀಗೆ ಸುತ್ತು ಸುತ್ತಿತು.

ಬೇಯಿಸಿದರೆ ಸಾಯೋದಿಲ್ವಾ ಅಂತ ಕೇಳ್ತೀರಿ. ಸಾಯೋಕೆ ಅದಕ್ಕೆ ಜೀವವೇ ಇಲ್ಲ. ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ, ಅದೊಂದು ಪ್ರೋಟೀನು. ಸ್ಟ್ಯಾನ್ಲಿ ಪ್ರುಸಿನರ್ ಅನ್ನೋ ಅಮೆರಿಕದ ವಿಜ್ಞಾನಿ ಇದಕ್ಕೆ 1982ರಲ್ಲಿ ಪ್ರಿಯಾನ್ ಅಂತ ಹೆಸರಿಟ್ಟರು. ಆಗ ಬೈದವರೇ ಜಾಸ್ತಿ, 1997ರಲ್ಲಿ ನೊಬೆಲ್ ಬಂತು. ನಮ್ಮ ನಿಮ್ಮ ಮಿದುಳಿನಲ್ಲೂ ಈ ಪ್ರೋಟೀನ್ ಸರಿಯಾದ ಮಡಿಕೆಯಲ್ಲಿ ಇದೆ. ತಪ್ಪಾಗಿ ಮಡಚಿಕೊಂಡದ್ದೊಂದು ಒಳಗೆ ಬಂದರೆ ಪಕ್ಕದ್ದನ್ನೂ ತನ್ನ ಹಾಗೇ ಮಡಚುತ್ತೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪಿನಲ್ಲಾದರೂ ಜೀವ ಇರುತ್ತೆ, ಕುದಿಸಿದರೆ ಕೆಡುತ್ತೆ. ಇದು ಕುದಿಸಿದರೂ ಉಳಿಯುತ್ತೆ, ಫಾರ್ಮಲಿನ್‌ನಲ್ಲಿ ಅದ್ದಿದರೂ ಉಳಿಯುತ್ತೆ. ರೋಗದ ಹಸುವಿನ ಮಿದುಳು 1 ಗ್ರಾಂ ಬಾಯಿಗೆ ಹೋದರೆ ಸಾಕು, ಕರುವಿಗೆ ರೋಗ ಬರುತ್ತೆ. ಪ್ರಯೋಗ ಮಾಡಿ ನೋಡಿದ್ದಾರೆ.

1988ರ ಜುಲೈನಲ್ಲಿ ದನ, ಕುರಿಗಳಿಗೆ ಈ ಪುಡಿ ಹಾಕಬಾರದು ಅಂತ ಕಾನೂನು ಬಂತು. ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಹಂದಿಗೆ, ಕೋಳಿಗೆ ಹಾಕಬಹುದು ಅಂತ ಬಿಟ್ಟಿದ್ದರು. ಅದೇ ಗಿರಣಿ, ಅದೇ ಮೆಷಿನ್ನು, ಬೆಳಿಗ್ಗೆ ಹಂದಿ ಮೇವು, ಮಧ್ಯಾಹ್ನ ದನದ ಮೇವು. ಗ್ರಾಂ ಲೆಕ್ಕದ ವಿಷಕ್ಕೆ ಮೂಲೆಯಲ್ಲಿ ಉಳಿದ ಧೂಳೂ ಸಾಕಾಯಿತು. ಆ ಕಾನೂನು ಬಂದ ಮೇಲೆ ಹುಟ್ಟಿದ ದನಗಳಲ್ಲೇ 40 ಸಾವಿರಕ್ಕೂ ಜಾಸ್ತಿ ರೋಗಕ್ಕೆ ಬಿದ್ದವು. ಯಾವ ಸಾಕುಪ್ರಾಣಿಗೂ ಬೇಡ ಅಂತ ಪೂರ್ತಿ ನಿಲ್ಲಿಸಿದ್ದು 1996ರಲ್ಲಿ. ನನ್ನ ಸರ್ವಿಸ್‌ನಲ್ಲಿ ನೋಡಿದ್ದೂ ಇಂಥದ್ದೇ, ಆರ್ಡರ್ ಹೊರಡಿಸೋದು ಒಂದು ದಿನದ ಕೆಲಸ, ಗೋದಾಮಿನಲ್ಲಿ ಇರೋ ಚೀಲ ಖಾಲಿ ಮಾಡಿಸೋಕೆ ಯಾರೂ ಹೋಗಲ್ಲ.

1992ರ ಒಂದೇ ವರ್ಷದಲ್ಲಿ 37 ಸಾವಿರದಷ್ಟು ದನಕ್ಕೆ ರೋಗ. ಒಟ್ಟು 1 ಲಕ್ಷ 80 ಸಾವಿರಕ್ಕೂ ಮೇಲೆ. ಇವು ಕಾಣಿಸಿದವು ಮಾತ್ರ. ಕಾಣಿಸೋ ಮೊದಲೇ ಊಟದ ತಟ್ಟೆಗೆ ಹೋದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಲೆಸ್ಟರ್_ಶೆಟ್ರು:

ಡಾಕ್ಟ್ರು ದನದವರೆಗೆ ಹೇಳಿದ್ದಾರೆ, ಅಲ್ಲಿಂದ ಮುಂದೆ ಏನಾಯ್ತು ಅಂತ ನಾನು ಹೇಳ್ತೀನಿ. ನಾನಿರೋ ಊರಿನಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿ ಕ್ವೆನಿಬರೋ ಅಂತ ಒಂದು ಹಳ್ಳಿ ಇದೆ. ಚೆಂದದ ಹಳ್ಳಿ, ಹಳೇ ಚರ್ಚು, ಒಂದೆರಡು ಪಬ್ಬು. ಆ ಹಳ್ಳಿ ಮತ್ತು ಅಕ್ಕಪಕ್ಕಕ್ಕೆ ಸೇರಿದ 5 ಜನ ಈ ರೋಗದಿಂದ ಸತ್ತರು. ದೇಶಕ್ಕೆಲ್ಲ ತೀರಾ ಕಡಿಮೆ ಕೇಸಿರುವಾಗ ಒಂದೇ ಕಡೆ 5 ಅಂದರೆ ಏನೋ ಇದೆ ಅಂತ ತನಿಖೆ ಮಾಡಿ 2001ರಲ್ಲಿ ವರದಿ ಕೊಟ್ಟರು.

ಆ ವರದಿಯಲ್ಲಿ ಇದ್ದದ್ದು ಇಷ್ಟು. ಎಂಬತ್ತರ ದಶಕದ ಮೊದಲಲ್ಲಿ ಅಲ್ಲಿನ ಕೆಲವು ಸಣ್ಣ ಮಾಂಸದಂಗಡಿಯವರು ದನವನ್ನು ತಾವೇ ಕಡಿಯೋರು, ಇಲ್ಲ ಪಕ್ಕದ ಸಣ್ಣ ಕಸಾಯಿಖಾನೆಯಿಂದ ತಲೆ ಸಮೇತ ತರೋರು. ದನವನ್ನು ಬೀಳಿಸಿದ ಮೇಲೆ ಕಾಲು ಝಾಡಿಸದಿರಲಿ ಅಂತ ಹಣೆಯ ತೂತಿನಿಂದ ಒಂದು ಸರಳು ತೂರಿಸಿ ಮಿದುಳು ಕಲಕುತ್ತಿದ್ದರು. ಮಿದುಳು ಕೊಳ್ಳೋ ಗಿರಾಕಿಗಳೂ ಇದ್ದರು, ಹಾಗಾಗಿ ತಲೆ ಸೀಳಿ ಮಿದುಳು ತೆಗೆಯೋರು. ಅದು ಮೆತ್ತಗೆ, ಅಂಟಂಟು, ಮೇಲಿನ ಪೊರೆ ಹರಿದರೆ ಕೈಗೂ ಚಾಕುವಿಗೂ ಮೆತ್ತಿಕೊಳ್ಳುತ್ತೆ. ಆಮೇಲೆ ಅದೇ ಚಾಕು, ಅದೇ ಹಲಗೆ, ಅದರಲ್ಲೇ ತೊಡೆ ಮಾಂಸ ಕೊಯ್ದು ಕಟ್ಟಿ ಕೊಡೋದು. ಮಾಂಸವನ್ನು ನೀರು ಬಿಟ್ಟು ತೊಳೀತಿರಲಿಲ್ಲ, ತೊಳೆದರೆ ಬೇಗ ಕೆಡುತ್ತೆ ಅಂತ ಬಟ್ಟೆಯಲ್ಲಿ ಒರೆಸೋರು. ಸತ್ತವರಲ್ಲಿ ಹೆಚ್ಚಿನವರ ಮನೆಗೆ ಇಂಥ ಅಂಗಡಿಯಿಂದಲೇ ಮಾಂಸ ಬರ್ತಿದ್ದದ್ದು. ತಿಂದ ಮೇಲೆ ರೋಗ ಕಾಣಿಸೋಕೆ 10ರಿಂದ 16 ವರ್ಷ. ಅಂಗಡಿಯವರು ಕಾನೂನು ಮುರಿದಿದ್ದೂ ಅಲ್ಲ, ಅವರಪ್ಪ ಅಜ್ಜ ಮಾಡಿದ ಹಾಗೇ ಮಾಡಿದರು.

ನಗರಗಳಲ್ಲಿ ದಾರಿ ಬೇರೆ. ಮಾಂಸ ಕೊಯ್ದ ಮೇಲೂ ಬೆನ್ನೆಲುಬಿಗೆ ಅಂಟಿಕೊಂಡಿರೋ ಚೂರುಗಳನ್ನು ಮೆಷಿನ್ನಿನಲ್ಲಿ ಒತ್ತಿ ತೆಗೆಯುತ್ತಿದ್ದರು, ಗಂಜಿಯ ಹಾಗೆ ಇರುತ್ತಿತ್ತು. ಬೆನ್ನುಹುರಿಯ ತುಂಡೂ ಅದರಲ್ಲಿ ಸೇರಿಕೊಳ್ಳುತ್ತಿತ್ತು. ಅಗ್ಗದ ಬರ್ಗರ್, ಸಾಸೇಜ್, ಪೈಗೆ ಹೋಗ್ತಿದ್ದದ್ದು ಅದೇ ಗಂಜಿ. ಮಿದುಳು, ಬೆನ್ನುಹುರಿ ಮನುಷ್ಯರ ಊಟಕ್ಕೆ ಬೇಡ ಅಂತ 1989ರ ನವೆಂಬರಿನಲ್ಲೇ ನಿಷೇಧ ಬಂದಿತ್ತು, ಆದರೆ ಬೆನ್ನೆಲುಬನ್ನು ಮೆಷಿನ್ನಿಗೆ ಹಾಕಬಾರದು ಅಂತ ಹೇಳಿದ್ದು 1995ರ ಡಿಸೆಂಬರಿನಲ್ಲಿ.

ಇನ್ನು ಸರ್ಕಾರದ ವಿಷಯ. ಸರ್ಕಾರ ನೇಮಿಸಿದ ತಜ್ಞರ ಸೌತ್‌ವುಡ್ ಸಮಿತಿ 1989ರಲ್ಲಿ ಮನುಷ್ಯರಿಗೆ ಅಪಾಯ ತೀರಾ ಕಡಿಮೆ ಅಂತ ಹೇಳಿತು. ಕಾರಣ ಇತ್ತು. ಕುರಿಗಳಿಗೆ ಸ್ಕ್ರೇಪಿ ಅಂತ ಇದೇ ಜಾತಿಯ ರೋಗ ಬ್ರಿಟನ್ನಿನಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷದಿಂದ ಇದೆ, ಆ ಕುರಿ ತಿಂದ ಯಾರಿಗೂ ಏನೂ ಆಗಿರಲಿಲ್ಲ. ದನದ್ದೂ ಹಾಗೇ ಇರುತ್ತೆ ಅಂದುಕೊಂಡರು. ನಮ್ಮ ಅಂದಾಜು ತಪ್ಪಾದರೆ ಪರಿಣಾಮ ಬಹಳ ಗಂಭೀರ ಅಂತಲೂ ಅದೇ ವರದಿಯಲ್ಲಿ ಬರೆದಿದ್ದರು. ಮಂತ್ರಿಗಳು ಮೊದಲ ಸಾಲನ್ನು ಓದಿಕೊಂಡು ಓಡಾಡಿದರು, ಎರಡನೇ ಸಾಲು ಫೈಲಿನಲ್ಲೇ ಉಳೀತು. 1990ರ ಮೇನಲ್ಲಿ ಬ್ರಿಸ್ಟಲ್‌ನ ಒಂದು ಸಾಕು ಬೆಕ್ಕಿಗೆ ಇದೇ ತರಹದ ರೋಗ ಬಂದದ್ದು ಸುದ್ದಿಯಾಯಿತು. ದನದಿಂದ ಬೆಕ್ಕಿಗೆ ದಾಟಿದರೆ ಮನುಷ್ಯರಿಗೆ ಯಾಕಿಲ್ಲ ಅಂತ ಜನ ಕೇಳಿದರು. ಅದೇ ತಿಂಗಳು ಕೃಷಿ ಮಂತ್ರಿ ಜಾನ್ ಗಮ್ಮರ್ ಟಿವಿ ಕ್ಯಾಮೆರಾ ಮುಂದೆ ತಮ್ಮ 4 ವರ್ಷದ ಮಗಳ ಬಾಯಿಗೆ ಬರ್ಗರ್ ಹಿಡಿದರು. ಬಿಸಿ ಇತ್ತೋ ಏನೋ, ಮಗು ತಿನ್ನಲಿಲ್ಲ, ಅವರೇ ತಿಂದು ಚೆನ್ನಾಗಿದೆ ಅಂದರು. ಇಲ್ಲಿ ವಯಸ್ಸಾದವರು ಈಗಲೂ ಅದನ್ನು ಹೇಳಿಕೊಂಡು ನಗ್ತಾರೆ, ನಗು ಅಂತ ಕೂಡ ಅನ್ನೋಕಾಗಲ್ಲ.

1996ರ ಮಾರ್ಚ್ 20ಕ್ಕೆ ಆರೋಗ್ಯ ಮಂತ್ರಿ ಸ್ಟೀಫನ್ ಡೋರೆಲ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು 10 ಯುವಜನರಿಗೆ ಸಿಜೆಡಿ (ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್) ಅನ್ನೋ ಮಿದುಳು ರೋಗದ ಹೊಸ ಬಗೆ ಬಂದಿದೆ, ದನದ ರೋಗದಿಂದಲೇ ಬಂದಿರೋ ಸಾಧ್ಯತೆ ಹೆಚ್ಚು ಅಂದರು. ಎಡಿನ್‌ಬರೋದಲ್ಲಿ ಇದಕ್ಕೇ ಅಂತ ಇಟ್ಟಿದ್ದ ಡಾಕ್ಟರುಗಳ ತಂಡ ಕಂಡುಹಿಡಿದದ್ದು. ಒಂದು ವಾರದಲ್ಲಿ ಯುರೋಪು ಬ್ರಿಟನ್ನಿನ ದನದ ಮಾಂಸ ನಿಲ್ಲಿಸಿತು. ಆಮೇಲೆ 30 ತಿಂಗಳು ದಾಟಿದ ಯಾವ ದನವೂ ಊಟಕ್ಕೆ ಹೋಗಬಾರದು ಅಂತ ನಿಯಮ ತಂದು 40 ಲಕ್ಷಕ್ಕೂ ಹೆಚ್ಚು ದನ ಕೊಂದರು.

ಸುಮ್ನೆ_ಕೇಳ್ದೆ:

ಎಲ್ಲ ಸರಿ ಸ್ವಾಮಿ, ಆದರೆ ಬ್ರಿಟನ್ನಿನಲ್ಲಿ ಸತ್ತವರು ಒಟ್ಟು 178 ಜನ. ಕೋಟಿಗಟ್ಟಲೆ ಜನ ಆ ಬರ್ಗರ್ ತಿಂದಿದ್ದಾರೆ. ನಮ್ಮಲ್ಲಿ ಹುಚ್ಚುನಾಯಿ ಕಡಿದು, ಡೆಂಗಿ ಬಂದು ಅದಕ್ಕಿಂತ ಎಷ್ಟೋ ಜಾಸ್ತಿ ಜನ ಸಾಯ್ತಾರೆ, ಯಾರೂ ಕೇಳಲ್ಲ. ಎಡಿಸನ್ ಅಕ್ಕನ ಯಜಮಾನರು ಹೇಳೋದರಲ್ಲಿ ತಪ್ಪೇನಿದೆ?

ಲ್ಯಾಬ್_ಲಕ್ಷ್ಮಿ:

178 ಅಂತ ಇವತ್ತು ಕೂತು ಹೇಳೋದು ಸುಲಭ. 1996ರಲ್ಲಿ ಅದು 178ಕ್ಕೆ ನಿಲ್ಲುತ್ತೆ ಅಂತ ಯಾರಿಗೆ ಗೊತ್ತಿತ್ತು? ಲಕ್ಷ ದಾಟಬಹುದು ಅಂತಲೂ ಆಗ ಲೆಕ್ಕ ಹಾಕಿದವರಿದ್ದರು. ಸುಮ್ನೆ ಹೆದರಿಸೋಕೆ ಅಲ್ಲ, ಅವರ ಕೈಯಲ್ಲಿದ್ದ ಮಾಹಿತಿಗೆ ಅದೂ ಹೊಂದುತ್ತಿತ್ತು. 2000ದಲ್ಲಿ ಒಂದೇ ವರ್ಷ 28 ಜನ ಸತ್ತರು, ಅಲ್ಲಿಂದ ಇಳಿಯಿತು. ಮತ್ತೆ ಸತ್ತವರ ವಯಸ್ಸು ನೋಡಿ. ಅರ್ಧದಷ್ಟು ಜನ 28 ದಾಟಿರಲಿಲ್ಲ. ಮೊದಲು ಮಂಕಾಗಿ ಕೂರೋದು, ಸುಮ್ಮನೆ ಅಳು, ಕೈಕಾಲು ನೋವು. ಮನಸ್ಸಿನ ಕಾಯಿಲೆ ಅಂತ ಅದಕ್ಕೇ ಮದ್ದು ಕೊಡೋರು. ಕೆಲವು ತಿಂಗಳ ಮೇಲೆ ನಡಿಗೆ ತೂರಾಡುತ್ತೆ, ಆಮೇಲೆ ಮಾತು ಹೋಗುತ್ತೆ. ಶುರುವಾದ ಮೇಲೆ ಒಂದು ವರ್ಷದ ಆಸುಪಾಸು. ಮದ್ದು ಆಗಲೂ ಇಲ್ಲ, ಈಗಲೂ ಇಲ್ಲ.

ಅಷ್ಟು ಜನ ತಿಂದರೂ ಕೆಲವರಿಗೇ ಯಾಕೆ ಬಂತು ಅನ್ನೋದಕ್ಕೆ ಒಂದು ಭಾಗದ ಉತ್ತರ ಸಿಕ್ಕಿದೆ. ಪ್ರಿಯಾನ್ ಪ್ರೋಟೀನಿನ ಜೀನ್‌ನಲ್ಲಿ 129ನೇ ಜಾಗ ಅಂತ ಒಂದಿದೆ. ಅಲ್ಲಿ ಮೆಥಿಯೊನಿನ್ ಇರಬಹುದು ಇಲ್ಲ ವ್ಯಾಲಿನ್ ಇರಬಹುದು (ಎರಡೂ ಪ್ರೋಟೀನ್ ಕಟ್ಟೋ ಅಮೈನೋ ಆಮ್ಲಗಳು), ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಪರೀಕ್ಷೆ ಮಾಡಿದ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಎರಡೂ ಮೆಥಿಯೊನಿನ್ನೇ. ಬ್ರಿಟನ್ನಿನ ಬಿಳಿಯರಲ್ಲಿ ಸುಮಾರು 100ಕ್ಕೆ 40 ಜನ ಹಾಗಿರುತ್ತಾರೆ. ಒಂದು ಮೆಥಿಯೊನಿನ್, ಒಂದು ವ್ಯಾಲಿನ್ ಇದ್ದ ಒಬ್ಬರು 2016ರಲ್ಲಿ ತೀರಿಕೊಂಡಾಗ ಎಲ್ಲರೂ ಎರಡನೇ ಅಲೆ ಬರುತ್ತೆ ಅಂತ ಕಾದರು. ಬರಲಿಲ್ಲ.

ಈಗ ಅಕ್ಕನ ರಕ್ತದ ಪ್ರಶ್ನೆಗೆ ಬರ್ತೀನಿ, ಅದು ನನ್ನ ಕೆಲಸದ ಜಾಗ. ಬ್ರಿಟನ್ನಿನಲ್ಲಿ ರಕ್ತ ಪಡೆದ 3 ಜನಕ್ಕೆ ಈ ರೋಗ ಬಂತು. ಕೊಟ್ಟವರು ಕೊಡುವಾಗ ಗಟ್ಟಿಮುಟ್ಟಾಗಿದ್ದರು, ರೋಗ ಕಾಣಿಸಿದ್ದು ಆಮೇಲೆ. ಬ್ಯಾಗ್ ಮೇಲೆ ಹೆಚ್‌ಐವಿ, ಕಾಮಾಲೆ ಎಲ್ಲ ಪರೀಕ್ಷೆ ಮಾಡಿ ಸೀಲ್ ಹಾಕ್ತೀವಲ್ಲ, ಹಾಗೆ ದಿನನಿತ್ಯ ಬಳಸೋ ಪರೀಕ್ಷೆ ಇದಕ್ಕೆ ಇಲ್ಲ. ದೇಹ ಇದನ್ನು ಪರಕೀಯ ಅಂತ ಗುರುತಿಸೋದೇ ಇಲ್ಲ, ಆ್ಯಂಟಿಬಾಡಿ ಹುಟ್ಟಲ್ಲ. ಅದರ ಮೇಲೆ ಬ್ರಿಟನ್ನಿನಲ್ಲಿ ಆಪರೇಷನ್ ಮಾಡಿ ತೆಗೆದ 32 ಸಾವಿರಕ್ಕೂ ಹೆಚ್ಚು ಅಪೆಂಡಿಕ್ಸ್ ಪರೀಕ್ಷೆ ಮಾಡಿದರು, 16ರಲ್ಲಿ ತಪ್ಪು ಮಡಿಕೆಯ ಪ್ರೋಟೀನು ಕಂಡಿತು. 2013ರಲ್ಲಿ ಬಂದ ಲೆಕ್ಕ. 2000 ಜನಕ್ಕೆ ಒಬ್ಬರು ಅಂತ ಆಯಿತು! ಅವರಿಗೆ ರೋಗ ಬಂದೇ ಬರುತ್ತೆ ಅಂತ ಅಲ್ಲ, ಆದರೆ ರಕ್ತನಿಧಿ ನಡೆಸೋರಿಗೆ ನಿದ್ದೆ ಕೆಡಿಸೋಕೆ ಅಷ್ಟು ಸಾಕು.

ರಕ್ತದಿಂದ ಹರಡಬಹುದು ಅಂತ ಮೊದಲೇ ಅನುಮಾನ ಇತ್ತು, ಹಾಗಾಗಿ ಬ್ರಿಟನ್ 1999ರಿಂದ ರಕ್ತದಲ್ಲಿ ಬಿಳಿ ರಕ್ತಕಣ ಸೋಸಿ ತೆಗೆಯಿತು, ಪ್ಲಾಸ್ಮಾವನ್ನು ಹೊರದೇಶದಿಂದ ತರಿಸಿತು. 1980ರ ನಂತರ ತಾವೇ ರಕ್ತ ಹಾಕಿಸಿಕೊಂಡವರು ರಕ್ತ ಕೊಡಬಾರದು ಅಂತ 2004ರಲ್ಲಿ ಹೇಳಿತು. ತನ್ನ ಜನರನ್ನೆಲ್ಲ ಬೇಡ ಅಂದರೆ ರಕ್ತ ಎಲ್ಲಿಂದ ತರೋದು? ಅಮೆರಿಕಕ್ಕೆ ಆ ಕಷ್ಟ ಇರಲಿಲ್ಲ, ಬ್ರಿಟನ್ನಿನಲ್ಲಿ ಇದ್ದವರನ್ನು ಬಿಟ್ಟರೂ ನಡೆಯುತ್ತಿತ್ತು. ನಿಯಮ ಹಾಕಿದರು. ಇಷ್ಟು ವರ್ಷ ಕಾದು, ಹೊಸ ಕೇಸು ಬರದೆ, 2022ರಲ್ಲಿ ತೆಗೆದರು. ಆಸ್ಟ್ರೇಲಿಯಾದವರೂ ಅದೇ ವರ್ಷ ತೆಗೆದರು. ನನ್ನನ್ನು ಕೇಳಿದರೆ ಇಟ್ಟದ್ದೂ ಸರಿ, ತೆಗೆದದ್ದೂ ಸರಿ.

ಸಸ್ಯಾಹಾರಿಗಳಿಗೆ ಯಾಕೆ ವಿನಾಯಿತಿ ಕೊಡಲಿಲ್ಲ ಅಂದರೆ, ಯಾರು ಏನು ತಿಂದರು ಅಂತ ಇಪ್ಪತ್ತು ವರ್ಷದ ಮೇಲೆ ಯಾರೂ ಪತ್ತೆ ಮಾಡೋಕಾಗಲ್ಲ. ನಿಮ್ಮ ತಮ್ಮನೂ ನಿಮ್ಮಮ್ಮನ ಲೆಕ್ಕದಲ್ಲಿ ಸಸ್ಯಾಹಾರಿಯೇ ಅಲ್ವಾ? ಬ್ರಿಟನ್ನಿನಲ್ಲಿ ಹತ್ತು ವರ್ಷಕ್ಕೂ ಮೊದಲೇ ಮಾಂಸ ಬಿಟ್ಟಿದ್ದ ಒಬ್ಬ ಯುವತಿಗೂ ರೋಗ ಬಂದಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಸಿಜೆಡಿ ಅಂತ ರಿಪೋರ್ಟ್ ಬಂದರೆ ಜನ ಗಾಬರಿಯಾಗಿ ಇವರು ಎಲ್ಲಿ ದನದ ಮಾಂಸ ತಿಂದರು ಅಂತ ಹುಡುಕ್ತಾರೆ. ಹಳೇ ಸಿಜೆಡಿ ಬೇರೆ. ಅದು ಯಾವ ದೇಶದಲ್ಲಾದರೂ ವರ್ಷಕ್ಕೆ 10 ಲಕ್ಷಕ್ಕೆ ಒಬ್ಬರಿಬ್ಬರಿಗೆ, ಹೆಚ್ಚಾಗಿ ಅರವತ್ತರ ಆಸುಪಾಸಿನಲ್ಲಿ, ತಾನಾಗೇ ಬರೋದು. ನಮ್ಮ ನಿಮ್ಹಾನ್ಸ್‌ನ ಡಾಕ್ಟರುಗಳು 1971ರಿಂದ 1990ರವರೆಗಿನ ಭಾರತದ ಕೇಸುಗಳನ್ನು ಒಟ್ಟು ಮಾಡಿ ಬರೆದಿದ್ದಾರೆ. ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಮನೆಯವರ ಮೇಲೆ ಅನುಮಾನದ ಮಾತು ಆಡಬೇಡಿ, ಅವರು ಆಗಲೇ ಸೋತಿರುತ್ತಾರೆ.

ಎಡಿಸನ್_ಅಕ್ಕ:

ಲಕ್ಷ್ಮಿ ಅವರೇ, ತಮ್ಮನ ವಿಷಯಕ್ಕೆ ಚೆನ್ನಾಗಿ ಚುಚ್ಚಿದಿರಿ! ಇಷ್ಟು ವಿವರಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಅವನಿಗೆ ಈಗ ನಲವತ್ತು ದಾಟಿದೆ. ಇನ್ನು ಬರೋ ಸಾಧ್ಯತೆ ಇದೆಯಾ, ನೇರವಾಗಿ ಹೇಳಿ.

ಲ್ಯಾಬ್_ಲಕ್ಷ್ಮಿ:

ಸೊನ್ನೆ ಅಂತ ಹೇಳಲ್ಲ. ಪಪುವಾ ನ್ಯೂಗಿನಿಯಲ್ಲಿ ಕುರು ಅಂತ ಇದೇ ಗುಂಪಿನ ರೋಗ ಇತ್ತು. ಫೋರೆ ಜನ ಸತ್ತವರ ದೇಹವನ್ನು ತಿನ್ನುತ್ತಿದ್ದರು, ಅದರಿಂದ ಹರಡಿದ್ದು. ಆ ಪದ್ಧತಿ ನಿಂತು 50 ವರ್ಷ ಆದ ಮೇಲೂ ಅಲ್ಲೊಬ್ಬರು ಇಲ್ಲೊಬ್ಬರಿಗೆ ಬಂದದ್ದಿದೆ. ಆದರೆ ಬ್ರಿಟನ್ನಿನಲ್ಲಿ ಅವನ ಜೊತೆ ಅದೇ ಊಟ ಮಾಡಿದ ಕೋಟಿಗಟ್ಟಲೆ ಜನರಲ್ಲಿ 2016ರಿಂದ ಈಚೆಗೆ ಹೊಸ ಸಾವು ವರದಿಯಾಗಿಲ್ಲ. ನಲವತ್ತು ದಾಟಿದವನಿಗೆ ಬಿಪಿ, ಶುಗರ್ ನೋಡಿಸಿಕೊ ಅಂತ ಹೇಳಿ, ಅದಕ್ಕೆ ಅರ್ಥ ಇದೆ.

ಕೆಂಪಿ_ಸಾಕಿದವ:

ಡಾಕ್ಟ್ರೇ, ನಮ್ಮದು ಕೆ.ಆರ್. ಪೇಟೆ ಕಡೆ, ಡೇರಿಗೆ ಹಾಲು ಹಾಕ್ತೀವಿ. ಇದನ್ನೆಲ್ಲ ಓದಿ ಭಯ ಆಯ್ತು. ಪಕ್ಕದ ಮನೆಯವರ ಹಸು ಹೋದ ವರ್ಷ ಹುಚ್ಚು ಹಿಡಿದ ಹಾಗೆ ಕಿರುಚಿ, ಜೊಲ್ಲು ಸುರಿಸಿ, ಮೂರ್ನಾಲ್ಕು ದಿನಕ್ಕೆ ಸತ್ತೋಯ್ತು. ಅದು ಇದೇನಾ? ನಾವು ಹಾಕೋ ಮೇವು ಸರಿ ಇದೆಯಾ?

ದನದ_ಡಾಕ್ಟ್ರು:

ಅಲ್ಲಪ್ಪ, ಅದು ಇದಲ್ಲ. ಭಾರತದಲ್ಲಿ ಬಿಎಸ್‌ಇ ಇದುವರೆಗೆ ವರದಿಯಾಗಿಲ್ಲ. ನೀವು ಹಾಕೋದು ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಬೂಸಾ, ಜೋಳದ ನುಚ್ಚು, ಅದರಲ್ಲಿ ಭಯ ಇಲ್ಲ. ಚೀಲದ ಫೀಡ್ ತಂದರೆ ಏನೇನು ಹಾಕಿದ್ದಾರೆ ಅಂತ ಲೇಬಲ್ ಓದಿ. ಕೋಳಿ ಫೀಡ್ ಉಳಿದಿದೆ, ಬಿಸಾಡೋದ್ಯಾಕೆ ಅಂತ ದನಕ್ಕೆ ಸುರಿಯಬೇಡಿ, ಅದರಲ್ಲಿ ಪ್ರಾಣಿ ಪುಡಿ ಇರಬಹುದು. ಈಗಲೂ ಅಲ್ಲಿ ಇಲ್ಲಿ ವಯಸ್ಸಾದ ಹಸುವಿಗೆ ಮೇವಿನ ಸಂಬಂಧ ಇಲ್ಲದೆ ತಾನಾಗಿ ಬರೋ ಒಂದು ಬಗೆ ಕಾಣುತ್ತೆ, 2024ರ ಮೇನಲ್ಲಿ ಸ್ಕಾಟ್ಲೆಂಡಿನ ಆಯರ್‌ಶೈರ್‌ನಲ್ಲಿ ಒಂದು ಸಿಕ್ಕಿತು. ಅದನ್ನು ಪುಡಿ ಮಾಡಿ ಇನ್ನೊಂದಕ್ಕೆ ತಿನ್ನಿಸದಿದ್ದರೆ ಅಲ್ಲಿಗೇ ಮುಗಿಯುತ್ತೆ.

ನೀವು ಹೇಳಿದ ಹಸುವಿಗೆ ನಾಯಿ ಏನಾದರೂ ಕಚ್ಚಿತ್ತಾ ಕೇಳಿ. ಬಿಎಸ್‌ಇ ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತೆ. ಗಂಟಲು ಒಡೆದ ದನಿಯಲ್ಲಿ ಕೂಗಿ, ಜೊಲ್ಲು ಸುರಿಸಿ, ನೀರು ನುಂಗೋಕೆ ಆಗದೆ ನಾಲ್ಕು ದಿನದಲ್ಲಿ ಹೋದರೆ ರೇಬೀಸ್ ಅಂತ ಮೊದಲು ಅನುಮಾನಿಸಬೇಕು. ನಮ್ಮವರು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಬಾಯೊಳಗೆ ಕೈ ಹಾಕಿ ನೋಡ್ತಾರೆ. ಯಾವತ್ತೂ ಹಾಕಬೇಡಿ. ಆ ಜೊಲ್ಲು ಕೈಯ ಗಾಯಕ್ಕೆ ಸೋಕಿದರೆ ನಿಮ್ಮ ಪ್ರಾಣಕ್ಕೆ ಕುತ್ತು. ಹಾಗೆ ಮುಟ್ಟಿದವರು ಯಾರಾದರೂ ಇದ್ದರೆ ಇಷ್ಟು ದಿನ ಆಯ್ತು ಅಂತ ಬಿಡದೆ ಆಸ್ಪತ್ರೆಗೆ ಹೋಗಿ ವಿಷಯ ಹೇಳಲಿ, ಇಂಜೆಕ್ಷನ್ ಬೇಕಾ ಅಂತ ಡಾಕ್ಟರು ನೋಡ್ತಾರೆ. ಮುಂದೆ ಇಂಥದ್ದು ಕಂಡರೆ ಹಸುವನ್ನು ದೂರ ಕಟ್ಟಿ, ಅದರ ಹಾಲು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ, ಊರಿನ ಪಶು ಆಸ್ಪತ್ರೆಗೆ ಫೋನ್ ಮಾಡಿ.